ಹಸು ಬತ್ತಿಸುವಾಗ ಹಾಕಿದ ಔಷಧ ಗಿಣ್ಣು, ಹಾಲಿಗೆ ಬರುವುದು ಹೇಗೆ? ತಡೆಯಲು ಏನು ಮಾಡಬೇಕು?

ಊರಿನಿಂದ ಬಂದವರ ಚೀಲದಲ್ಲಿ ಗಿಣ್ಣು ಹಾಲಿನ ಬಾಟಲಿ ಇದ್ದರೆ ಅಂದು ಮನೆಯಲ್ಲಿ ಹಬ್ಬ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಿಗೆ ಮುಂಬೈ, ಪುಣೆಯಲ್ಲಿ ಖರ್ವಸ್ ಎನ್ನುತ್ತಾರೆ. ಹೈದರಾಬಾದ್‌ನಲ್ಲಿ ಅದೇ ಜುನ್ನು, ಚೆನ್ನೈನಲ್ಲಿ ಸೀಂಪಾಲ್. ಹೆಸರು ಯಾವುದಾದರೂ ಇದು ಹಸು ಅಥವಾ ಎಮ್ಮೆ ಕರು ಹಾಕಿದ ಮೊದಲ ಕೆಲವು ದಿನಗಳ ಹಾಲು. ಇಷ್ಟು ಶುದ್ಧವಾದದ್ದು ಬೇರೊಂದಿಲ್ಲ ಎಂಬ ನಂಬಿಕೆ ಹಲವರದ್ದು.

ಆದರೆ ಈ ಹಾಲಿನ ಶುದ್ಧತೆ ಕರು ಹಾಕಿದ ದಿನ ತೀರ್ಮಾನವಾಗುವುದಿಲ್ಲ. ಅದಕ್ಕೂ ಸುಮಾರು ಎರಡು ತಿಂಗಳು ಮೊದಲು, ಹಸುವಿನ ಹಾಲು ಬತ್ತಿಸಿದ ದಿನವೇ ಅದು ತೀರ್ಮಾನವಾಗಿರುತ್ತದೆ. ಅಂದು ಕೆಚ್ಚಲಿಗೆ ಆ್ಯಂಟಿಬಯೋಟಿಕ್ ಟ್ಯೂಬ್ ಹಾಕಿದ್ದರೆ, ಉಳಿದ ಔಷಧದ ಅಂಶ ಮೊದಲು ಬರುವುದು ಗಿಣ್ಣು ಹಾಲಿನಲ್ಲೇ. ದಿನಾಂಕದ ಲೆಕ್ಕ ತಪ್ಪಿದರೆ ಅದು ಡೇರಿಗೆ ಹೋಗುವ ಹಾಲಿಗೂ ಸೇರುತ್ತದೆ. ಇದು ಹೇಗೆ ಆಗುತ್ತದೆ, ತಡೆಯುವುದು ಹೇಗೆ? ಇಲ್ಲಿದೆ ವಿವರ.

ಹಸು ಬತ್ತಿಸುವುದು ಎಂದರೇನು?

ಹಸುವಿನ ಗರ್ಭದ ಅವಧಿ ಸುಮಾರು 280 ದಿನ, ಎಮ್ಮೆಯದ್ದು ಸುಮಾರು 310 ದಿನ. ಗಬ್ಬವಾದ ನಂತರವೂ ಹಸು ಹಲವು ತಿಂಗಳು ಹಾಲು ಕೊಡುತ್ತದೆ. ಆದರೆ ಮುಂದಿನ ಕರು ಹಾಕುವ ಸುಮಾರು 60 ದಿನ ಮೊದಲು ಹಾಲು ಕರೆಯುವುದನ್ನು ನಿಲ್ಲಿಸಬೇಕು. ಇದನ್ನೇ ಬತ್ತಿಸುವುದು ಎನ್ನುತ್ತಾರೆ.

ಈ ಎರಡು ತಿಂಗಳು ಹಸುವಿಗೆ ಬರೀ ವಿಶ್ರಾಂತಿಯಲ್ಲ. ಕೆಚ್ಚಲಿನಲ್ಲಿ ಹಾಲು ಉತ್ಪಾದಿಸುವ ಹಳೆಯ ಜೀವಕೋಶಗಳ ಜಾಗದಲ್ಲಿ ಹೊಸವು ಬೆಳೆಯುತ್ತವೆ. ಗರ್ಭದಲ್ಲಿರುವ ಕರು ಅತಿ ವೇಗವಾಗಿ ಬೆಳೆಯುವುದೂ ಇದೇ ಅವಧಿಯಲ್ಲಿ. ಬತ್ತಿಸದೆ ಕೊನೆಯವರೆಗೂ ಕರೆದರೆ ಮುಂದಿನ ಸೂಲಿನಲ್ಲಿ ಹಾಲು ಕಡಿಮೆಯಾಗುತ್ತದೆ.

ಕೆಚ್ಚಲಿಗೆ ಟ್ಯೂಬ್ ಏಕೆ ಹಾಕುತ್ತಾರೆ?

ಹಾಲು ಕರೆಯುವ ದಿನಗಳಲ್ಲಿ ಮೊಲೆತೊಟ್ಟಿನೊಳಗೆ ಸೇರುವ ಬ್ಯಾಕ್ಟೀರಿಯಾಗಳ ಒಂದು ಪಾಲು ಹಾಲಿನ ಜೊತೆ ಹೊರಗೆ ಹೋಗುತ್ತದೆ. ಕರೆಯುವುದು ನಿಂತ ಮೇಲೆ ಈ ತೊಳೆಯುವ ಕೆಲಸವೂ ನಿಲ್ಲುತ್ತದೆ. ತೊಟ್ಟಿನ ತುದಿಯಲ್ಲಿ ಕೆರಾಟಿನ್ ಎಂಬ ಮೇಣದಂಥ ಬಿರಡೆ ತಾನಾಗಿಯೇ ಬೆಳೆದು ದಾರಿ ಮುಚ್ಚಬೇಕು. ಆದರೆ ಕೆಲವು ತೊಟ್ಟುಗಳಲ್ಲಿ ಅದು ತಡವಾಗುತ್ತದೆ, ಕೆಲವು ತೊಟ್ಟುಗಳು ಸರಿಯಾಗಿ ಮುಚ್ಚಿಕೊಳ್ಳುವುದೇ ಇಲ್ಲ.

ಹೀಗಾಗಿ ಬತ್ತಿಸಿದ ಮೊದಲ ಎರಡು ವಾರ ಮತ್ತು ಕರು ಹಾಕುವ ಮೊದಲಿನ ಎರಡು ವಾರ ಕೆಚ್ಚಲು ಬಾವಿನ ಅಪಾಯ ಹೆಚ್ಚು. ಹಳೆಯ ಸೋಂಕನ್ನು ಗುಣಪಡಿಸಲು ಮತ್ತು ಹೊಸದನ್ನು ತಡೆಯಲು, ಕೊನೆಯ ಬಾರಿ ಕರೆದ ನಂತರ ನಾಲ್ಕೂ ತೊಟ್ಟುಗಳೊಳಗೆ ಒಂದೊಂದು ಆ್ಯಂಟಿಬಯೋಟಿಕ್ ಟ್ಯೂಬ್ ಹಾಕುವ ಪದ್ಧತಿ ದಶಕಗಳಿಂದ ಇದೆ. ಮಿಶ್ರತಳಿ ಹಸುಗಳಿರುವ ದೊಡ್ಡ ಫಾರ್ಮ್‌ಗಳಲ್ಲಿ ಇದು ಹೆಚ್ಚು. ಒಂದೆರಡು ಹಸು ಸಾಕುವ ಅನೇಕರು ಯಾವ ಔಷಧವನ್ನೂ ಹಾಕದೆ ಕರೆಯುವುದನ್ನು ಮಾತ್ರ ನಿಲ್ಲಿಸುತ್ತಾರೆ.

ಇಷ್ಟು ದಿನವಾದರೂ ಔಷಧ ಉಳಿಯುವುದು ಹೇಗೆ?

ಕೆಚ್ಚಲು ಬಾವಿನ ಟ್ಯೂಬ್‌ಗಳಲ್ಲಿ ಎರಡು ಬಗೆ. ಒಂದು ಹಾಲು ಕೊಡುವ ಹಸುವಿಗೆ. ಇದರಲ್ಲಿರುವ ಔಷಧ ಬೇಗ ಹೊರಹೋಗುತ್ತದೆ. ಇನ್ನೊಂದು ಬತ್ತಿದ ಹಸುವಿಗೆ ಮಾತ್ರ. ಕೆಚ್ಚಲಿನಲ್ಲಿ ವಾರಗಟ್ಟಲೆ ಉಳಿದು ನಿಧಾನವಾಗಿ ಕೆಲಸ ಮಾಡಲೆಂದೇ ಇದನ್ನು ತಯಾರಿಸಲಾಗುತ್ತದೆ. ನಿಧಾನವಾಗಿ ಕರಗುವ ರೂಪದ ಕ್ಲಾಕ್ಸಾಸಿಲಿನ್ ಇಂಥ ಔಷಧಗಳಲ್ಲಿ ಒಂದು.

ಪ್ರಮಾಣ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಬತ್ತಿಸುವಾಗ ಹಾಕುವ ಒಂದು ಟ್ಯೂಬ್‌ನಲ್ಲಿ 500 ಮಿಲಿಗ್ರಾಂ ಕ್ಲಾಕ್ಸಾಸಿಲಿನ್ ಇದೆ ಎಂದುಕೊಳ್ಳಿ. ಯುರೋಪ್ ಒಕ್ಕೂಟದಲ್ಲಿ ಈ ಔಷಧಕ್ಕೆ ಇರುವ ಮಿತಿ ಒಂದು ಕಿಲೋ ಹಾಲಿಗೆ 30 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. ಆ ಟ್ಯೂಬ್‌ನ ಔಷಧವೆಲ್ಲ ಹಾಲಿಗೆ ಸೇರಿದರೆ 16 ಸಾವಿರ ಕಿಲೋಗೂ ಹೆಚ್ಚು ಹಾಲು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಅದು ಒಂದು ದೊಡ್ಡ ಟ್ಯಾಂಕರ್ ತುಂಬುವಷ್ಟು ಹಾಲು. ಕರು ಹಾಕುವ ಹೊತ್ತಿಗೆ ಔಷಧದ ಬಹುಪಾಲು ಹೋಗಿರುತ್ತದೆ ನಿಜ. ಆದರೆ ಉಳಿದ ಚೂರೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಈ ಅಂಕಿ ತೋರಿಸುತ್ತದೆ.

ಇದೇ ಕಾರಣಕ್ಕೆ ಬತ್ತಿದ ಹಸುವಿನ ಟ್ಯೂಬ್‌ನ ಲೇಬಲ್ ಮೇಲೆ ಎರಡು ಷರತ್ತುಗಳಿರುತ್ತವೆ. ಒಂದು, ಔಷಧ ಹಾಕಿದ ಮೇಲೆ ಕರು ಹಾಕುವವರೆಗೆ ಕನಿಷ್ಠ ಎಷ್ಟು ದಿನ ಕಳೆಯಬೇಕು ಎಂಬುದು. ಇನ್ನೊಂದು, ಕರು ಹಾಕಿದ ಮೇಲೆ ಎಷ್ಟು ದಿನ ಹಾಲನ್ನು ಬಳಸಬಾರದು ಎಂಬುದು. ಇವು ಔಷಧದಿಂದ ಔಷಧಕ್ಕೆ ಬದಲಾಗುತ್ತವೆ. ಪಕ್ಕದ ಮನೆಯವರು ಹೇಳಿದ ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದಿನಾಂಕ ತಪ್ಪಿದರೆ ಏನಾಗುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದು ಜನವರಿ 10ರಂದು. 280 ದಿನದ ಲೆಕ್ಕದಲ್ಲಿ ಕರು ಹಾಕಬೇಕಾದ್ದು ಅಕ್ಟೋಬರ್ 17ಕ್ಕೆ. 60 ದಿನ ಮೊದಲು, ಅಂದರೆ ಆಗಸ್ಟ್ 18ರಂದು ಬತ್ತಿಸಿ ಟ್ಯೂಬ್ ಹಾಕಲಾಯಿತು. ಲೇಬಲ್‌ನಲ್ಲಿ ‘ಕರು ಹಾಕುವುದಕ್ಕೆ ಕನಿಷ್ಠ 42 ದಿನ ಮೊದಲು ಹಾಕಬೇಕು, ಕರು ಹಾಕಿದ ನಂತರ 4 ದಿನ ಹಾಲು ಬಳಸಬಾರದು’ ಎಂದಿದೆ. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಇದೇ ಹಸುವಿಗೆ ಡಿಸೆಂಬರ್ 20ರಂದು ಒಮ್ಮೆ ಗರ್ಭಧಾರಣೆ ಆಗಿತ್ತು. 21 ದಿನದ ನಂತರ ಮತ್ತೆ ಬೆದೆಯ ಲಕ್ಷಣ ಕಂಡಿದ್ದರಿಂದ ಎರಡನೇ ಬಾರಿ ಮಾಡಿಸಲಾಗಿತ್ತು. ಗಬ್ಬ ನಿಂತಿದ್ದು ಮಾತ್ರ ಮೊದಲನೆಯದರಲ್ಲೇ. ಗಬ್ಬವಾದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರಿಸುವುದುಂಟು. ಹೀಗಾದಾಗ ಹಸು ಕರು ಹಾಕುವುದು ಅಕ್ಟೋಬರ್ 17ಕ್ಕಲ್ಲ, ಸೆಪ್ಟೆಂಬರ್ 26ಕ್ಕೆ. ಟ್ಯೂಬ್ ಹಾಕಿ ಆಗ 39 ದಿನ ಮಾತ್ರ ಆಗಿರುತ್ತದೆ.

ಇಲ್ಲಿ ಕರು ಹಾಕಿದ ದಿನದಿಂದ ನಾಲ್ಕು ದಿನ ಎಣಿಸಿ ಹಾಲು ಕಳಿಸಿದರೆ ತಪ್ಪಾಗುತ್ತದೆ. ಅವಧಿಗೆ ಮುನ್ನ ಕರು ಹಾಕಿದರೆ ಏನು ಮಾಡಬೇಕೆಂದು ಲೇಬಲ್‌ನಲ್ಲೇ ನೋಡಬೇಕು. 42 ದಿನ ಪೂರ್ಣವಾದ ಮೇಲೆ ಮತ್ತೆ 4 ದಿನ ಎಂದಿದ್ದರೆ, ಹಾಲು ಅಕ್ಟೋಬರ್ 3ರವರೆಗೆ ಡೇರಿಗೆ ಹೋಗುವಂತಿಲ್ಲ. ಗೊಂದಲವಿದ್ದರೆ ಪಶುವೈದ್ಯರನ್ನು ಕೇಳಿ, ಹಾಲಿನ ಪರೀಕ್ಷೆ ಮಾಡಿಸಿದ ಮೇಲೆಯೇ ಕಳಿಸುವುದು ಸರಿ.

ಎಲ್ಲಿ ಎಡವುತ್ತಾರೆ?

ಔಷಧದ ಅಂಶ ಹಾಲಿಗೆ ಸೇರುವ ಪ್ರಕರಣಗಳ ಹಿಂದೆ ದುರುದ್ದೇಶಕ್ಕಿಂತ ಮರೆವು, ಗಡಿಬಿಡಿಗಳೇ ಹೆಚ್ಚು. ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

* ಗರ್ಭಧಾರಣೆಯ ದಿನಾಂಕ ಬರೆದಿಡದೆ ಅಂದಾಜಿನ ಮೇಲೆ ಬತ್ತಿಸುವುದು.
* ಬತ್ತಿದ ಹಸುವಿನ ಟ್ಯೂಬನ್ನು ತಪ್ಪಿ ಹಾಲು ಕೊಡುವ ಹಸುವಿಗೆ ಹಾಕುವುದು.
* ಒಂದು ತೊಟ್ಟಿಗೆ ಮಾತ್ರ ಔಷಧ ಹಾಕಿದ್ದೇವೆಂದು ಉಳಿದ ಮೂರರ ಹಾಲನ್ನು ಡೇರಿಗೆ ಕಳಿಸುವುದು. ಔಷಧ ರಕ್ತದ ಮೂಲಕ ಉಳಿದ ತೊಟ್ಟುಗಳ ಹಾಲಿಗೂ ಬರಬಹುದು.
* ಸಂತೆಯಲ್ಲಿ ತುಂಬು ಗಬ್ಬದ ಹಸು ಕೊಳ್ಳುವಾಗ, ಬತ್ತಿಸುವ ವೇಳೆ ಔಷಧ ಹಾಕಿದ್ದಾರೆಯೇ ಎಂದು ಕೇಳದಿರುವುದು.
* ಔಷಧ ಹಾಕಿದ ಹಸುವಿನ ಹಾಲು ಕರೆದ ಪಾತ್ರೆ ಅಥವಾ ಯಂತ್ರವನ್ನು ತೊಳೆಯದೆ ಬೇರೆ ಹಸುವಿಗೆ ಬಳಸುವುದು.
* ಮನೆಯಲ್ಲಿ ಒಬ್ಬರು ಔಷಧ ಹಾಕಿ, ಹಾಲು ಕರೆಯುವ ಇನ್ನೊಬ್ಬರಿಗೆ ಹೇಳದಿರುವುದು.

ಇವುಗಳ ಜೊತೆಗೆ ದುಡ್ಡಿನ ಲೆಕ್ಕವೂ ಇದೆ. ದಿನಕ್ಕೆ 10 ಲೀಟರ್ ಕೊಡುವ ಹಸುವಿನ ಹಾಲನ್ನು ನಾಲ್ಕು ದಿನ ಚೆಲ್ಲಿದರೆ, ಲೀಟರ್‌ಗೆ 35 ರೂಪಾಯಿ ಎಂದು ಹಿಡಿದರೂ 1,400 ರೂಪಾಯಿ ನಷ್ಟ. ಮೇವು, ಹಿಂಡಿ, ಬೂಸಾದ ಸಾಲ ತೀರಿಸಬೇಕಾದವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಆ ಹಾಲು ಸಂಘದ ಕ್ಯಾನ್ ಸೇರಿದರೆ ಅಲ್ಲಿಂದ ಶೀತಲೀಕರಣ ಘಟಕಕ್ಕೆ, ಟ್ಯಾಂಕರ್‌ಗೆ ಹೋಗುತ್ತದೆ. ಹಳ್ಳಿಯ ಸಂಘದಲ್ಲಿ ಹಾಲಿಗೆ ದರ ಸಿಗುವುದು ಮುಖ್ಯವಾಗಿ ಕೊಬ್ಬು ಮತ್ತು ಎಸ್‌ಎನ್‌ಎಫ್ ನೋಡಿ. ಇವೆರಡರಲ್ಲೂ ಔಷಧದ ಅಂಶ ಕಾಣಿಸುವುದಿಲ್ಲ. ಮುಂದಿನ ಹಂತದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಒಬ್ಬರ ಹತ್ತು ಲೀಟರ್‌ನಿಂದಾಗಿ ಇಡೀ ಊರಿನ ಹಾಲು ತಿರಸ್ಕೃತವಾಗಬಹುದು.

ಕಾಯಿಸಿದರೆ ಔಷಧದ ಅಂಶ ಹೋಗುವುದಿಲ್ಲವೇ?

ಇಲ್ಲ. ಹಾಲು ಕಾಯಿಸಿದರೆ ಸಾಯುವುದು ರೋಗಾಣುಗಳು. ಆ್ಯಂಟಿಬಯೋಟಿಕ್ ಜೀವಿಯಲ್ಲ, ಅದೊಂದು ರಾಸಾಯನಿಕ. ಪಾಶ್ಚರೀಕರಣದಿಂದ ಹೆಚ್ಚಿನ ಆ್ಯಂಟಿಬಯೋಟಿಕ್‌ಗಳ ಪ್ರಮಾಣ ಅಷ್ಟಾಗಿ ತಗ್ಗುವುದಿಲ್ಲ. ಮನೆಯಲ್ಲಿ ಉಕ್ಕಿಸಿದರೂ ಪೂರ್ತಿ ಹೋಗುತ್ತದೆಂಬ ಖಾತರಿಯಿಲ್ಲ. ಗಿಣ್ಣು ಬೇಯಿಸುವ ಹಬೆಗೂ ಇದೇ ಮಾತು ಅನ್ವಯಿಸುತ್ತದೆ.

ಇಂಥ ಹಾಲಿನಿಂದ ಆಗುವ ತೊಂದರೆ ಮೂರು ಬಗೆ. ಮೊದಲನೆಯದು, ಪೆನಿಸಿಲಿನ್ ಗುಂಪಿನ ಔಷಧಕ್ಕೆ ಅಲರ್ಜಿ ಇರುವವರಿಗೆ ಅಲ್ಪ ಪ್ರಮಾಣವೂ ತೊಂದರೆ ಕೊಡಬಹುದು. ಎರಡನೆಯದು, ಸಣ್ಣ ಪ್ರಮಾಣದ ಔಷಧಕ್ಕೆ ಮತ್ತೆ ಮತ್ತೆ ಒಡ್ಡಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಆ ಔಷಧಕ್ಕೆ ಬಗ್ಗದಂಥವು ಉಳಿದು ಬೆಳೆಯುತ್ತವೆ. ನಾಳೆ ನಿಜವಾದ ಕಾಯಿಲೆ ಬಂದಾಗ ಔಷಧ ಕೆಲಸ ಮಾಡದಿರಲು ಇದೂ ಒಂದು ದಾರಿ. ಮೂರನೆಯದು ಅಡುಗೆಮನೆಯಲ್ಲೇ ಕಾಣುವಂಥದ್ದು. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ. ಔಷಧದ ಅಂಶ ಅವುಗಳನ್ನೂ ತಡೆಯುವುದರಿಂದ ಮೊಸರು, ಚೀಸ್ ಘಟಕಗಳಲ್ಲಿ ಹೆಪ್ಪು ಕೈಕೊಡುತ್ತದೆ.

ಹಾಗೆಂದು ಮನೆಯಲ್ಲಿ ಮೊಸರು ಕಟ್ಟದ ಕೂಡಲೇ ಹಾಲಿನಲ್ಲಿ ಔಷಧವಿದೆ ಎಂದುಕೊಳ್ಳಬೇಕಿಲ್ಲ. ದೆಹಲಿಯ ಚಳಿ, ಹಳೆಯ ಹೆಪ್ಪು, ಅತಿ ಬಿಸಿ ಹಾಲು, ಇವೆಲ್ಲವೂ ಕಾರಣವಾಗಬಹುದು. ಮೊಸರು ಚೆನ್ನಾಗಿ ಕಟ್ಟಿತು ಎಂಬುದೂ ಹಾಲು ಮಿತಿಯೊಳಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಭಾರತದಲ್ಲಿ ಪರಿಸ್ಥಿತಿ ಹೇಗಿದೆ? ನಿಯಮ ಏನು?

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರಲ್ಲಿ ದೇಶಾದ್ಯಂತ ಹಾಲಿನ ಸಮೀಕ್ಷೆ ನಡೆಸಿತ್ತು. ಒಟ್ಟು 1,103 ನಗರ, ಪಟ್ಟಣಗಳಿಂದ 6,432 ಮಾದರಿಗಳನ್ನು ಸಂಗ್ರಹಿಸಲಾಗಿತ್ತು. ಈ ಪೈಕಿ 77 ಮಾದರಿಗಳಲ್ಲಿ, ಅಂದರೆ ಶೇ 1.2ರಷ್ಟರಲ್ಲಿ ಆ್ಯಂಟಿಬಯೋಟಿಕ್ ಅಂಶ ಮಿತಿ ಮೀರಿತ್ತು. ಗಾಬರಿಪಡುವ ಅಂಕಿ ಇದಲ್ಲ. ಆದರೆ ಭಾರತದ ವಾರ್ಷಿಕ ಹಾಲಿನ ಉತ್ಪಾದನೆ 2023-24ರಲ್ಲಿ 23.9 ಕೋಟಿ ಟನ್ ದಾಟಿತ್ತು ಎಂಬುದನ್ನು ನೆನೆದರೆ ಸಣ್ಣ ಶೇಕಡಾವಾರು ಕೂಡ ದೊಡ್ಡ ಪ್ರಮಾಣವೇ.

ಹಾಲಿನಲ್ಲಿ ಯಾವ ಔಷಧ ಎಷ್ಟು ಇರಬಹುದು ಎಂಬ ಮಿತಿಗಳನ್ನು ಎಫ್‌ಎಸ್‌ಎಸ್‌ಎಐ ನಿಗದಿಪಡಿಸಿದೆ. ಔಷಧದ ಲೇಬಲ್‌ಗೂ ನಿಯಮವಿದೆ. ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿಯಂತೆ, ಆಹಾರ ಕೊಡುವ ಪ್ರಾಣಿಗಳ ಔಷಧದ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಎಂದು ನಮೂದಿಸಬೇಕು. ನಿಖರ ಅವಧಿ ದೃಢಪಡದ ಔಷಧಗಳಿಗೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ ಮತ್ತು ಮಾಂಸಕ್ಕೆ ಕನಿಷ್ಠ 28 ದಿನ ಅನ್ವಯಿಸುತ್ತದೆ.

ಇಷ್ಟೆಲ್ಲ ಇದ್ದರೂ ಗಿಣ್ಣು ಹಾಲು ಈ ಜಾಲದ ಹೊರಗೆ ಉಳಿದುಬಿಡುತ್ತದೆ. ಕಾಯಿಸಿದರೆ ಗಟ್ಟಿಯಾಗುವ ಕಾರಣ ಡೇರಿಗಳು ಅದನ್ನು ತೆಗೆದುಕೊಳ್ಳುವುದಿಲ್ಲ. ಅದು ಹೋಗುವುದು ನೆರೆಮನೆಗೆ, ನೆಂಟರಿಗೆ, ಇಲ್ಲವೇ ನಗರದ ಬಿಡಿ ಮಾರಾಟಗಾರರಿಗೆ. ಟ್ಯಾಂಕರ್ ಹಾಲಿಗೆ ಇರುವ ಪರೀಕ್ಷೆ ಇದಕ್ಕಿಲ್ಲ. ಔಷಧ ಉಳಿದಿರುವ ಸಾಧ್ಯತೆ ಹೆಚ್ಚಿರುವ ಹಾಲಿಗೇ ಪರೀಕ್ಷೆ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಎಲ್ಲ ಹಸುಗಳಿಗೂ ಟ್ಯೂಬ್ ಬೇಕೇ?

ಬೇಡ ಎಂಬ ಕಡೆಗೆ ಜಗತ್ತು ವಾಲುತ್ತಿದೆ. ಹಿಂದೆ ಅನೇಕ ದೇಶಗಳಲ್ಲಿ ಬತ್ತಿಸುವ ಪ್ರತಿ ಹಸುವಿಗೂ ಟ್ಯೂಬ್ ಹಾಕುವುದೇ ರೂಢಿಯಾಗಿತ್ತು. ಯುರೋಪ್ ಒಕ್ಕೂಟದಲ್ಲಿ 2022ರ ಜನವರಿ 28ರಿಂದ ಜಾರಿಗೆ ಬಂದ ಕಾನೂನು, ರೋಗವಿಲ್ಲದ ಪ್ರಾಣಿಗಳಿಗೆ ವಾಡಿಕೆಯಂತೆ ಆ್ಯಂಟಿಬಯೋಟಿಕ್ ಕೊಡುವುದನ್ನು ನಿಷೇಧಿಸಿದೆ. ನೆದರ್ಲೆಂಡ್ಸ್ ಅದಕ್ಕೂ ಮೊದಲೇ ಈ ದಾರಿ ಹಿಡಿದಿತ್ತು. ಈಗ ಅಲ್ಲಿ ಸೋಂಕಿರುವ ಹಸುವನ್ನು ಗುರುತಿಸಿ ಅದಕ್ಕೆ ಮಾತ್ರ ಔಷಧ ಹಾಕುತ್ತಾರೆ.

ಗುರುತಿಸುವುದು ಕಷ್ಟವೇನಲ್ಲ. ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಪರೀಕ್ಷೆಯನ್ನು ಕೊಟ್ಟಿಗೆಯಲ್ಲೇ ಮಾಡಬಹುದು. ನಾಲ್ಕು ಬಟ್ಟಲುಗಳಿರುವ ತಟ್ಟೆಗೆ ನಾಲ್ಕು ತೊಟ್ಟಿನ ಹಾಲನ್ನು ಬೇರೆ ಬೇರೆ ಹಿಂಡಿ, ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣ ಸೇರಿಸಿ ತಿರುಗಿಸಬೇಕು. ಸೋಂಕಿದ್ದರೆ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಮೇಲ್ನೋಟಕ್ಕೆ ಬಾವು ಕಾಣದ, ಒಳಗೇ ಇರುವ ಸೋಂಕೂ ಇದರಲ್ಲಿ ಗೊತ್ತಾಗುತ್ತದೆ.

ಆರೋಗ್ಯವಾಗಿರುವ ಕೆಚ್ಚಲಿಗೆ ಆ್ಯಂಟಿಬಯೋಟಿಕ್ ಬದಲು ತೊಟ್ಟನ್ನು ಒಳಗಿನಿಂದ ಮುಚ್ಚುವ ಸೀಲಂಟ್ ಬಳಸಬಹುದು. ಬಿಸ್ಮತ್ ಸಬ್‌ನೈಟ್ರೇಟ್ ಇರುವ ಈ ಪೇಸ್ಟ್ ಬಿರಡೆಯಂತೆ ಕೆಲಸ ಮಾಡುತ್ತದೆ. ಕರು ಹಾಕಿದ ಮೇಲೆ ಮೊದಲ ಬಾರಿ ಕೈಯಿಂದ ಹಿಂಡಿ ತೆಗೆಯಬೇಕು.

ಹಾಲು ಕೊಡುವ ದಿನಗಳಲ್ಲೇ ಕೆಚ್ಚಲು ಬಾವು ತಗ್ಗಿದರೆ ಬತ್ತಿಸುವಾಗ ಔಷಧದ ಅಗತ್ಯವೂ ತಗ್ಗುತ್ತದೆ. ಆನಂದ್‌ನ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಪ್ರಚಾರ ಮಾಡುತ್ತಿರುವ ಮನೆಮದ್ದು ಈ ನಿಟ್ಟಿನಲ್ಲಿ ಹೆಸರುವಾಸಿ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಕೆಚ್ಚಲಿನ ಹೊರಗೆ ಹಚ್ಚುವ ವಿಧಾನವಿದು. ಆದರೆ ಹಸುವಿಗೆ ಜ್ವರವಿದ್ದರೆ, ಮೇವು ಬಿಟ್ಟಿದ್ದರೆ, ಹಾಲಿನಲ್ಲಿ ರಕ್ತ ಕಂಡರೆ ಕಾಯದೆ ವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಉಚಿತ ಸಹಾಯವಾಣಿ ಇದೆ.

ಬತ್ತಿಸುವಾಗ ಪಾಲಿಸಬೇಕಾದ ಕ್ರಮ

1. ಗರ್ಭಧಾರಣೆಯ ಪ್ರತಿ ದಿನಾಂಕವನ್ನೂ ಬರೆದಿಡಿ. ಎರಡು ಬಾರಿ ಮಾಡಿಸಿದ್ದರೆ ಎರಡನ್ನೂ ಬರೆಯಿರಿ. ಎರಡು-ಮೂರು ತಿಂಗಳಲ್ಲಿ ವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ.

2. ಬತ್ತಿಸುವ ವಾರ ಮೊದಲು ಕೆಚ್ಚಲಿನ ಪರೀಕ್ಷೆ ಮಾಡಿಸಿ. ಟ್ಯೂಬ್ ಬೇಕೇ, ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಲಿ.

3. ಹೆಚ್ಚು ಹಾಲು ಕೊಡುವ ಹಸುವಿಗೆ ಹಿಂಡಿ, ಪಶು ಆಹಾರ ತಗ್ಗಿಸಿ, ಒಣಹುಲ್ಲು ಹೆಚ್ಚಿಸಿ. ಹಾಲು ಇಳಿದ ಮೇಲೆ ಒಂದು ದಿನ ನಿಗದಿ ಮಾಡಿ ಕರೆಯುವುದನ್ನು ನಿಲ್ಲಿಸಿ. ಬತ್ತಲಿ ಎಂದು ಕುಡಿಯುವ ನೀರು ನಿಲ್ಲಿಸುವ ಹಳೆಯ ಪದ್ಧತಿ ಬೇಡ.

4. ಕೊನೆಯ ಬಾರಿ ಪೂರ್ತಿ ಕರೆದು, ಪ್ರತಿ ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಒರೆಸುವಾಗ ದೂರದ ತೊಟ್ಟುಗಳಿಂದ ಆರಂಭಿಸಿ, ಟ್ಯೂಬ್ ಹಾಕುವಾಗ ಹತ್ತಿರದವುಗಳಿಂದ ಆರಂಭಿಸಿ. ಒರೆಸಿದ ತೊಟ್ಟಿಗೆ ಕೈ ತಾಗದು. ಕೊಳಕು ಕೈಯಲ್ಲಿ ಹಾಕಿದ ಟ್ಯೂಬ್ ಹೊಸ ಸೋಂಕನ್ನೇ ಒಳಗೆ ತಳ್ಳುತ್ತದೆ. ಕೊನೆಗೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ.

5. ಹಸುವಿನ ಕಾಲಿಗೆ ಅಥವಾ ಕೊರಳಿಗೆ ಬಣ್ಣದ ಬಟ್ಟೆ ಕಟ್ಟಿ. ಔಷಧದ ಹೆಸರು, ಹಾಕಿದ ದಿನ, ಹಾಲು ಕಳಿಸಬಹುದಾದ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ. ಹಸು ಮಾರಿದರೆ ಕೊಳ್ಳುವವರಿಗೂ ಈ ವಿವರ ಕೊಡಿ.

6. ಕರು ಹಾಕಿದ ದಿನ ಲೇಬಲ್‌ನ ಎರಡೂ ಷರತ್ತುಗಳನ್ನು ಮತ್ತೆ ಲೆಕ್ಕ ಹಾಕಿ. ಔಷಧ ಹಾಕಿದ ಹಸುವಿನ ಹಾಲನ್ನು ಕೊನೆಗೆ, ಬೇರೆ ಪಾತ್ರೆಗೆ ಕರೆಯಿರಿ.

ಕರುವಿಗೆ ಗಿಣ್ಣು ಹಾಲು ತಪ್ಪಿಸಬಾರದು ಎಂಬುದು ನೆನಪಿರಲಿ. ಹುಟ್ಟಿದ ಮೊದಲ ಎರಡು ಗಂಟೆಯೊಳಗೆ ಅದು ಕರುವಿನ ಹೊಟ್ಟೆ ಸೇರಬೇಕು. ಕರುವಿನ ರೋಗನಿರೋಧಕ ಶಕ್ತಿಗೆ ಅದೇ ಆಧಾರ. ನಿರ್ಬಂಧ ಇರುವುದು ಮನುಷ್ಯರ ಬಳಕೆಗೆ.

ಗ್ರಾಹಕರು ಏನು ಮಾಡಬಹುದು?

ಹಾಲಿನ ಬಣ್ಣ, ರುಚಿ, ವಾಸನೆಯಿಂದ ಔಷಧದ ಅಂಶ ಗೊತ್ತಾಗುವುದಿಲ್ಲ. ಪ್ಯಾಕೆಟ್ ಹಾಲು ಡೇರಿಯ ಪರೀಕ್ಷೆಗಳನ್ನು ದಾಟಿ ಬರುತ್ತದೆ. ಮುಂಬೈನ ತಬೇಲಾದಿಂದ, ಹೈದರಾಬಾದ್ ಅಥವಾ ದೆಹಲಿಯ ಹಾಲಿನವರಿಂದ ಬಿಡಿ ಹಾಲು ಕೊಳ್ಳುವವರು ಮಾತ್ರ ನೇರವಾಗಿ ಕೇಳಿ ತಿಳಿಯಬೇಕು. ಕೆಚ್ಚಲು ಬಾವಿಗೆ ಔಷಧ ಹಾಕಿದಾಗ ಆ ಹಾಲನ್ನು ಎಷ್ಟು ದಿನ ಬೇರೆ ಇಡುತ್ತೀರಿ ಎಂದು ವಿಚಾರಿಸಬಹುದು. ತಡವರಿಸದೆ ದಿನದ ಲೆಕ್ಕ ಹೇಳಿದರೆ ಅವರಿಗೆ ವಿಷಯ ಗೊತ್ತಿದೆ ಎಂದರ್ಥ.

ಗಿಣ್ಣು ಹಾಲು ತಂದುಕೊಟ್ಟವರಿಗೂ ಕೇಳಬೇಕಾದ ಪ್ರಶ್ನೆ ಒಂದೇ: ‘ಹಸು ಬತ್ತಿಸುವಾಗ ಟ್ಯೂಬ್ ಹಾಕಿಸಿದ್ದಿರಾ?’ ಇಲ್ಲ ಎಂದರೆ ಬೆಲ್ಲ, ಏಲಕ್ಕಿ ಹುಡುಕಬಹುದು. ಹೌದು ಎಂದರೆ ಆ ಹಸುವಿನ ಗಿಣ್ಣನ್ನು ಕರುವಿಗೇ ಬಿಟ್ಟುಬಿಡುವುದು ಒಳ್ಳೆಯದು.